ಕಂಬಕ್ಕೆ ಹೇಳಿದ ಮಾತು

ಶಿಷ್ಯ ರೇವಯ್ಯ ಕೇಳಿದ: “ಗುರುಗಳೇ, ನನಗೆ ಅನ್ಯಾಯ ಮಾಡಿದವನ ಮೇಲೆ ನಾನು ಕೈ ಎತ್ತಲಿಲ್ಲ, ಅವನಿಗೆ ಕೇಡೂ ಬಯಸಲಿಲ್ಲ. ಮಾತು ಬಿಟ್ಟೆ, ಅಷ್ಟೇ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತನ್ನೇ ಬಿಟ್ಟವನಿಗೆ ದೋಷ ಎಲ್ಲಿಂದ ಬಂತು?”

ಅನ್ಯಾಯ ಮಾಡಿದವನೆಂದರೆ ಅದೇ ಮಠದ ಇನ್ನೊಬ್ಬ ಶಿಷ್ಯ ಅಡವಯ್ಯ. ಅವನು ಕಂಬದ ಆಚೆ ಕೂತು ಪೂಜೆಗೆ ಪತ್ರಿ ಬಿಡಿಸುತ್ತಿದ್ದ. ಯುಗಾದಿಯಿಂದ ಇಬ್ಬರಿಗೂ ಮಾತಿಲ್ಲ. ದಾಸೋಹದ ಅಕ್ಕಿ ಮುಗಿದರೂ ರೇವಯ್ಯ ಗುರುಗಳಿಗೆ ಹೇಳಬೇಕು, ಗುರುಗಳು ಅಡವಯ್ಯನಿಗೆ ಹೇಳಬೇಕು.

“ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ” ಎಂದರು ಗುರುಗಳು. “ಸುಮ್ಮನಿರುವುದು ನಿನಗೆ ಹೇಗೂ ರೂಢಿಯಾಗಿದೆ.”

ಒಂದು ಊರಿನಲ್ಲಿ ಅಣ್ಣ ತಮ್ಮ ಇದ್ದರು. ಅಣ್ಣನ ಮಗಳ ಲಗ್ನಪತ್ರಿಕೆಯಲ್ಲಿ ತಮ್ಮನ ಹೆಸರು ಬಿಟ್ಟುಹೋಯಿತು. ಬಿಟ್ಟವನು ಅಚ್ಚಿನವನು ಎಂದ ಅಣ್ಣ. ಬಿಡಿಸಿದವನು ಅಣ್ಣನೇ ಎಂದ ತಮ್ಮ. ಹುಡುಗಿಯ ಅಕ್ಷತೆಗೆ ಚಿಕ್ಕಪ್ಪ ಬರಲಿಲ್ಲ. ಆಮೇಲೆ ಮನೆಯ ನಡುವೆ ಗೋಡೆ ಎದ್ದಿತು. ಪಡಸಾಲೆಗೂ ಗೋಡೆ ಹಾಕಿಸಲು ಹೊರಟರು. ನಡುಗಂಬಕ್ಕೆ ಕೈ ಹಚ್ಚಿದರೆ ಮಾಳಿಗೆ ಬೀಳುತ್ತದೆ ಎಂದು ಗೌಂಡಿ ಒಪ್ಪಲಿಲ್ಲ. ಹಾಗಾಗಿ ಪಡಸಾಲೆ ಒಂದೇ ಆಗಿ ಉಳಿಯಿತು.

ಆ ಕಂಬದ ಬುಡದಲ್ಲಿ ತಾಯಿ ಕೂರುತ್ತಿದ್ದಳು. ಅಣ್ಣ ಹೇಳುವುದನ್ನು ಅವಳಿಗೆ ಹೇಳುತ್ತಿದ್ದ. ಅವಳು ಈ ಕಡೆ ತಿರುಗಿ ಅದನ್ನೇ ತಮ್ಮನಿಗೆ ಹೇಳುತ್ತಿದ್ದಳು. ತಮ್ಮನ ಉತ್ತರವೂ ಅದೇ ದಾರಿಯಲ್ಲಿ ಹೋಗಬೇಕು. ಇಬ್ಬರ ಕಿವಿಯೂ ನೆಟ್ಟಗೇ ಇತ್ತು. ಆದರೂ ತಾಯಿ ತಿರುಗಿ ಹೇಳುವ ತನಕ ಯಾರಿಗೂ ಏನೂ ಕೇಳಿಸಿದ ಲೆಕ್ಕವಿಲ್ಲ. ಓಣಿಯವರು ನಗುತ್ತಿದ್ದರು. ತಾಯಿ ನಗುತ್ತಿರಲಿಲ್ಲ.

ಅಣ್ಣನಿಗೆ ಪೇಟೆಯಲ್ಲಿ ರಿಪೇರಿ ಅಂಗಡಿ. ಊರಿನ ಮಿಕ್ಸರು, ಓವನ್ನು ಎಲ್ಲ ಕೆಟ್ಟರೆ ಅವನ ಕೈಗೇ ಬರಬೇಕು. ತಮ್ಮನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಹೊತ್ತಲ್ಲದ ಹೊತ್ತಿಗೆ ಮನೆಗೆ ಬರುವವಳು. ಅವಳ ತಣ್ಣನೆಯ ಊಟ ಬಿಸಿಯಾಗಲೆಂದು ತಮ್ಮ ಒಂದು ಮೈಕ್ರೋವೇವ್ ಓವನ್ ತಂದಿಟ್ಟಿದ್ದ. ಅದರ ಬಾಗಿಲಿನ ಸ್ವಿಚ್ಚು ಕೆಟ್ಟಿತು. ಒಮ್ಮೆ ಓಡುತ್ತಿತ್ತು, ಒಮ್ಮೆ ಓಡುತ್ತಿರಲಿಲ್ಲ. ಅಣ್ಣನ ಅಂಗಡಿಗೆ ಒಯ್ಯಲು ಅಭಿಮಾನ ಬಿಡಲಿಲ್ಲ. ತಮ್ಮ ಬೇರೆ ಓಣಿಯಲ್ಲಿ ಹೊಸ ಸ್ವಿಚ್ಚು ಕೊಂಡ. ಬಿಚ್ಚುವುದು ಹೇಗೆಂದು ಫೋನಿನಲ್ಲಿ ನೋಡಿಕೊಂಡ, ಅದೂ ಅರ್ಧ.

ಬೆಳಕು ಚೆನ್ನಾಗಿದೆಯೆಂದು ಓವನ್ನನ್ನು ಪಡಸಾಲೆಗೆ ತಂದ. ಕೊನೆಯದಾಗಿ ಒಮ್ಮೆ ಓಡಿಸಿ ನೋಡಿದ. ಆಮೇಲೆ ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚತೊಡಗಿದ. ಕಂಬದ ಆಚೆ ಅಣ್ಣ ಕೂತಿದ್ದ. ತಗಡು ಬಿಚ್ಚುವುದು ಅವನ ಕಣ್ಣಿಗೆ ಬಿತ್ತು.

ಆ ಯಂತ್ರದ ಒಳಗೆ ಕರೆಂಟು ತುಂಬಿಟ್ಟುಕೊಳ್ಳುವ ಒಂದು ಡಬ್ಬಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಜೀವ ತೆಗೆಯುವಷ್ಟು ಉಳಿದಿರಬಹುದು. ಬಲ್ಲವರು ಮೊದಲು ಆ ಕರೆಂಟನ್ನು ಖಾಲಿ ಮಾಡುತ್ತಾರೆ, ಆಮೇಲೆ ಕೈ ಹಾಕುತ್ತಾರೆ. ಅಣ್ಣ ಬಲ್ಲವನು. ತಮ್ಮನಿಗೆ ಇದು ಗೊತ್ತಿಲ್ಲ ಎಂಬುದನ್ನೂ ಬಲ್ಲ.

ಅಣ್ಣ ತಾಯಿಗಾಗಿ ನೋಡಿದ. ಅವಳು ಓಣಿಯಲ್ಲಿ ಒಂದು ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಈಗ ಬಂದಾಳು, ಹೇಳಿಸಿದರಾಯಿತು ಎಂದುಕೊಂಡ. ಅವಳು ಬರಲಿಲ್ಲ. ತಗಡು ಕಳಚಿತು. ಆಗ ಅವನು ಕಂಬದ ಕಡೆ ಮುಖ ಮಾಡಿ ಹೇಳಿದ:

“ಪ್ಲಗ್ ಕಿತ್ತರ ಆಗಂಗಿಲ್ಲ. ಒಳಗ ಕರೆಂಟ್ ಇರ್ತೈತಿ.”

ತಮ್ಮನ ಕೈ ನಿಂತಿತು. ನಿಂತದ್ದನ್ನು ಅಣ್ಣ ನೋಡಿದ. ಇನ್ನೊಂದು ಮಾತು ಸಾಕಿತ್ತು. ‘ತಮ್ಮಾ’ ಎಂದಿದ್ದರೆ ಸಾಕಿತ್ತು. ಇಷ್ಟು ವರ್ಷ ಆಡದ ಮಾತನ್ನು ನಾನೇ ಮೊದಲು ಆಡಲೇ ಎಂದು ಅಣ್ಣ ತಡೆದ. ಕಂಬಕ್ಕೆ ಹೇಳಿದ್ದು ಕಂಬಕ್ಕೆ, ನನಗೇಕೆ ಎಂದು ತಮ್ಮ ತಿರುಗಿ ನೋಡಲಿಲ್ಲ. ಹಾಳು ಬಿಗುಮಾನ, ಇಬ್ಬರಿಗೂ ಒಂದೇ ತಾಯಿಯ ಹಾಲಿನಲ್ಲಿ ಬಂದದ್ದು.

ತಮ್ಮ ಕೈ ಒಳಗೆ ಹಾಕಿದ.

ತಾಯಿ ಬಂದಳು. ಸೆರಗಿನ ತುದಿಯಲ್ಲಿ ಇಬ್ಬರು ಮಕ್ಕಳಿಗೂ ಗುಗ್ಗರಿ ಕಟ್ಟಿಕೊಂಡು ಬಂದಿದ್ದಳು. ಅಣ್ಣ ಕಂಬ ದಾಟಿ ಈ ಕಡೆ ಬಂದಿದ್ದ. ತಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ತಮ್ಮಾ, ತಮ್ಮಾ” ಎಂದು ಕೂಗುತ್ತಿದ್ದ. ಕೂಗಿ ಕೂಗಿ ಅವನ ದನಿ ಒಡೆದಿತ್ತು.

ತಾಯಿಗೆ ಆದದ್ದು ಇನ್ನೂ ತಿಳಿದಿರಲಿಲ್ಲ. ಅವಳಿಗೆ ತಿಳಿಯುವ ಮೊದಲೇ ಅವಳ ರೂಢಿ ಮಾತಾಡಿತು. ಅವಳು ಕಿರಿಯ ಮಗನ ಕಡೆ ತಿರುಗಿ ಹೇಳಿದಳು:

“ಏಳೋ ತಮ್ಮಾ, ನಿಮ್ಮಣ್ಣ ಕರಿಯಾಕತ್ತಾನ.”

ಗುರುಗಳು ಕತೆ ನಿಲ್ಲಿಸಿದರು. ರೇವಯ್ಯ ಕೇಳಿದ: “ಅಣ್ಣ ಹೇಳಿದ್ದ. ತಮ್ಮನಿಗೆ ಕೇಳಿಸಿತ್ತು. ಹಾಗಾದರೆ ತಪ್ಪು ಯಾರದು, ಗುರುಗಳೇ?”

ಕಂಬದ ಆಚೆ ಪತ್ರಿ ಬಿಡಿಸುತ್ತಿದ್ದ ಕೈಗಳು ನಿಂತಿದ್ದವು.

“ಅಡವಯ್ಯನನ್ನು ಕೇಳು, ನಾನು ಕೇಳಿ ಹೇಳುವುದಿಲ್ಲ” ಎಂದರು ಗುರುಗಳು.

ರೇವಯ್ಯ ಕಂಬದ ಕಡೆ ತಿರುಗಿದ. ಅವನ ಬಾಯಿಂದ ಮಾತು ಹೊರಡಲಿಲ್ಲ.