ಪರದೆಗೆ ಹಚ್ಚಿದ ಪ್ಲಾಸ್ಟರ್

ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಮಹಾಂತಯ್ಯನವರು ಕ್ಯಾಮೆರಾ ಹಿಡಿಯುವುದನ್ನು ಕಲಿಸುತ್ತಿದ್ದರು. ಮಂತ್ರ ಕೇಳಲು ಬಂದವರಿಗೆ ಊಟ ಹಾಕಿ ಕಳಿಸುತ್ತಿದ್ದರು.

ಆಶ್ರಮದ ಎದುರಿಗೆ, ನೀರಿನ ನಡುವೆ, ಒಂದು ಮರಳದಿಬ್ಬ. ಬೇಸಿಗೆಯಲ್ಲಿ, ಮೀನು ಹಿಡಿದು ಬದುಕುವ ರೀವ ಹಕ್ಕಿಗಳು ಅಲ್ಲಿ ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಮರಿಗಳ ಬಣ್ಣವೂ ಮರಳಿನದೇ.

ಆ ವರ್ಷ ದಿಬ್ಬದ ಮರಳು ತೆಗೆಯಲು ಲಾರಿಗಳು ಬಂದವು. ನದಿಯಲ್ಲಿ ಚಕ್ರ ಮುಳುಗುವಷ್ಟೂ ನೀರಿರಲಿಲ್ಲ. ಜೊತೆಗೆ ಬಂದ ಅಧಿಕಾರಿ ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದರು.

"ಹಕ್ಕಿ ಹಾರಾಡ್ತಿವೆ, ನಿಜ. ಮರಿ ಎಲ್ಲಿ?"

"ಇವೆ ಸರ್. ನಾನು ನೋಡಿದೀನಿ," ಎಂದಳು ಶಿಷ್ಯೆ ನೀಲಾಂಬಿಕೆ.

"ನೀವು ನೋಡಿದ್ದನ್ನ ನಾನು ಮೇಲಿನವರಿಗೆ ತೋರಿಸೋಕಾಗಲ್ಲಮ್ಮ. ಒಂದು ಫೋಟೋ ಕೊಡಿ. ನಾಳೆ ಮಧ್ಯಾಹ್ನದವರೆಗೆ ಕಾಯ್ತೀನಿ. ಮರಿ ಕಂಡರೆ ಒಂದು ಲಾರಿಯೂ ನದಿಗೆ ಇಳಿಯಲ್ಲ. ಕಾಣದಿದ್ದರೆ ಇಳಿಯುತ್ತೆ."

ಅಧಿಕಾರಿ ಹೋದ ಮೇಲೆ ನೀಲಾಂಬಿಕೆ ಗುರುಗಳ ಕಡೆ ತಿರುಗಿದಳು.

"ದಿಬ್ಬಕ್ಕೇ ಹೋಗಿ ತೆಗೆದುಬಿಡ್ಲಾ?"

"ಹೋಗಬಹುದು. ಕಾಲಿಗೆ ಸಿಕ್ಕಿದ್ದು ಮರಳೋ ಮರಿಯೋ ಅಂತ ಆಮೇಲೆ ಬಗ್ಗಿ ನೋಡಬೇಕಾಗುತ್ತೆ."

"ಹಾಗಾದ್ರೆ ಈ ದಡದಿಂದಲೇ ತೆಗೀತೀನಿ. ತೆಗೆದೇ ತೆಗೀತೀನಿ."

ತಾಯಿಯೋ ತಂದೆಯೋ ಮೀನು ತಂದಾಗ ಮಾತ್ರ ಮರಿ ಎದ್ದು ಬಾಯಿ ತೆರೆಯುತ್ತದೆ. ನುಂಗಿದ ಮರುಕ್ಷಣ ಮತ್ತೆ ಮರಳಾಗಿಬಿಡುತ್ತದೆ.

ನೀಲಾಂಬಿಕೆ ಜೊಂಡಿನ ಮರೆಯಲ್ಲಿ ಕೂತಳು. ಗುರುಗಳ ಹಳೆಯ ಕ್ಯಾಮೆರಾ, ಅದಕ್ಕೆ ಉದ್ದನೆಯ ಲೆನ್ಸು. ಎರಡೂ ಕೈ ಮುಂದೆ ಚಾಚಿ ಹಿಡಿದು, ಹಿಂಬದಿಯ ಪರದೆಯನ್ನು ನೋಡುತ್ತಾ ಗುಂಡಿ ಒತ್ತಿದಳು. ಹಕ್ಕಿಯ ಬಾಲ ಬಂತು.

ಮತ್ತೊಮ್ಮೆ ಒತ್ತಿದಳು. ಬಿಸಿಲು ಬಿದ್ದು ಪರದೆ ಬೆಳ್ಳಗಾಗಿತ್ತು. ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ನೆರಳು ಮಾಡಿಕೊಂಡಳು. ಮರಿ ಆಗಲೇ ಮರಳಾಗಿ, ಮೀನು ಕೊಟ್ಟು ಬರಿದಾದ ಕೊಕ್ಕು ಮಾತ್ರ ಬಂತು. ಅದೂ ಅಲುಗಾಡಿತ್ತು.

ಮತ್ತೆ ಒತ್ತಿದಳು. ಏನು ಬಂತೆಂದು ತಲೆ ಬಗ್ಗಿಸಿ ನೋಡತೊಡಗಿದಳು.

ಮಹಾಂತಯ್ಯನವರು ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಎಷ್ಟು ಮರಿ ಉಂಡವು?"

"ಒಂದು."

"ಎರಡು. ಇನ್ನೊಂದು ಉಣ್ಣುವಾಗ ನೀನು ಹಳೇ ಫೋಟೋ ನೋಡ್ತಿದ್ದೆ."

"ಈಗ ತಾನೇ ತೆಗೆದದ್ದು ಗುರುಗಳೇ."

"ಅದನ್ನೇ ಹೇಳಿದೆ."

ನೀಲಾಂಬಿಕೆಗೆ ಸಿಟ್ಟು ಬಂತು. "ಮತ್ತೇನು ಮಾಡಲಿ?"

"ವ್ಯೂಫೈಂಡರಿಗೆ ಕಣ್ಣಿಡು."

"ಅದೊಂದು ಕಿಂಡಿ. ಪರದೆ ನೋಡಿ, ಅಂಗೈ ಅಗಲ ಇದೆ. ಎಲ್ಲವನ್ನೂ ತೋರಿಸುತ್ತೆ."

ಗುರುಗಳು ಕ್ಯಾಮೆರಾ ತೆಗೆದುಕೊಂಡರು. ಬ್ಯಾಟರಿ ಕಿತ್ತು ಹುಣಸೆಹಣ್ಣಿನ ಬುಟ್ಟಿಗೆ ಹಾಕಿದರು. ಕ್ಯಾಮೆರಾ ವಾಪಸು ಕೊಟ್ಟರು.

"ಈಗ ಪರದೆ ಏನು ತೋರಿಸ್ತಿದೆ?"

ಕಪ್ಪು ಗಾಜನ್ನು ನೋಡಿ ಅವಳು ಮೆಲ್ಲಗೆ ಹೇಳಿದಳು, "ನನ್ನ ಮುಖ."

"ಕಿಂಡಿ?"

ಕಣ್ಣಿಟ್ಟಳು. "ದಿಬ್ಬ. ನೀರು. ಹಕ್ಕಿ."

"ಸಾಯಂಕಾಲದವರೆಗೆ ಅದನ್ನೇ ನೋಡು."

"ಬ್ಯಾಟರಿ ಇಲ್ಲದೆ? ಗುರುಗಳೇ, ನಾಳೆ ಮಧ್ಯಾಹ್ನಕ್ಕೆ ಲಾರಿ ಇಳಿಯುತ್ತೆ."

"ಅದಕ್ಕೇ ಇವತ್ತೇ ಶುರು ಮಾಡು ಅಂದೆ."

ಅವಳು ಹಲ್ಲು ಕಚ್ಚಿಕೊಂಡು ಕೂತಳು. ಆದರೆ ಕಣ್ಣು ತೆಗೆಯಲಿಲ್ಲ.

ಮೊಣಕೈಗಳು ತಾವಾಗಿಯೇ ಪಕ್ಕೆಗೆ ಒತ್ತಿಕೊಂಡವು. ಕ್ಯಾಮೆರಾ ಹುಬ್ಬಿಗೆ ಒರಗಿತು. ಅಲುಗಾಟ ನಿಂತಿತು.

ಒಂದೊಂದಾಗಿ ತಿಳಿಯುತ್ತಾ ಬಂತು. ಮೀನು ತರುವ ಹಕ್ಕಿ ಇಳಿಯುವ ಮೊದಲು ಒರಟಾಗಿ ಒಮ್ಮೆ ಕೂಗುತ್ತದೆ. ಆಗ ದಿಬ್ಬದ ಮೇಲೆ ಒಂದು ಚೂರು ಮರಳು ನಡುಗುತ್ತದೆ. ಆ ಮರಳಿಗೆ ಕತ್ತು ಬರುತ್ತದೆ. ಆಮೇಲೆ ಬಾಯಿ.

ಕತ್ತು ಎದ್ದಾಗಲೆಲ್ಲ ಅವಳ ಬೆರಳು ಜೀವವಿಲ್ಲದ ಗುಂಡಿಯನ್ನು ಒತ್ತಿತು. ಹೊತ್ತು ಮುಳುಗುವವರೆಗೂ ಒತ್ತಿತು.

ಬೆಳಿಗ್ಗೆ ಗುರುಗಳು ಬ್ಯಾಟರಿ ಹಾಕಿದ ಕ್ಯಾಮೆರಾ ಕೊಟ್ಟರು. ಹಿಂಬದಿಯ ಪರದೆಯ ತುಂಬ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿದ್ದರು.

"ಇದೇನು ಗುರುಗಳೇ?"

"ಗಾಯ ಇರೋ ಕಡೆ ಹಚ್ಚಿದೀನಿ."

"ತೆಗೆದದ್ದು ಸರಿ ಬಂತೋ ಇಲ್ವೋ, ನನಗೆ ಗೊತ್ತಾಗೋದು ಹೇಗೆ?"

ಗುರುಗಳು ಹುಣಸೆಹಣ್ಣಿನ ಬುಟ್ಟಿ ಎಳೆದುಕೊಂಡರು.

ಬಿಸಿಲೇರಿತು. ಅಧಿಕಾರಿ ಬಂದು ಅವರ ಹಿಂದೆ ನಿಂತರು. ಮೇಲೆ ರಸ್ತೆಯಲ್ಲಿ ಲಾರಿಗಳು ಎಂಜಿನ್ ಆರಿಸದೆ ಕಾಯುತ್ತಿದ್ದವು.

ಹಕ್ಕಿ ಕೂಗಿತು. ಮರಳು ನಡುಗಿತು. ಕತ್ತು ಎದ್ದಿತು. ನೀಲಾಂಬಿಕೆ ಒತ್ತಿದಳು.

ಕಿಂಡಿ ಕಪ್ಪಾಯಿತು. ರೆಪ್ಪೆ ಬಡಿಯುವಷ್ಟು ಹೊತ್ತು. ಮತ್ತೆ ಬೆಳಕಾದಾಗ ಮರಿ ನುಂಗಿ ಮುಗಿಸುತ್ತಿತ್ತು.

"ಸಿಕ್ತಾ?" ಎಂದರು ಅಧಿಕಾರಿ.

"ಗೊತ್ತಿಲ್ಲ ಸರ್. ಗುರುಗಳೇ, ಒತ್ತಿದ ಕ್ಷಣಕ್ಕೆ ಕತ್ತಲಾಯ್ತು. ನಿನ್ನೆ ಹೀಗಾಗಿರಲಿಲ್ಲ."

"ನಿನ್ನೆ ಬ್ಯಾಟರಿ ಇರಲಿಲ್ಲ. ಚಿತ್ರ ಬೀಳುವಾಗ ಒಳಗಿನ ಕನ್ನಡಿ ಮೇಲೇಳುತ್ತೆ. ಆ ಹೊತ್ತಿಗೆ ಕಿಂಡಿ ಮುಚ್ಚಿಹೋಗುತ್ತೆ."

"ಅಂದರೆ ಬೇಕಾದ ಕ್ಷಣವೇ ಕಾಣಲ್ವಾ?"

"ಕಾಣಲ್ಲ."

ಅಧಿಕಾರಿ ಗಡಿಯಾರ ನೋಡಿಕೊಂಡರು. "ಅಮ್ಮಾ, ಆ ಪ್ಲಾಸ್ಟರ್ ಕಿತ್ತು ನೋಡಿಬಿಡಿ. ಬಂದಿದ್ದರೆ ಬಂತು, ಇಲ್ಲದಿದ್ದರೆ ಇಲ್ಲ. ಡ್ರೈವರುಗಳು ನನ್ನ ತಲೆ ತಿಂತಿದಾರೆ."

ನೀಲಾಂಬಿಕೆಯ ಉಗುರು ಪ್ಲಾಸ್ಟರಿನ ಅಂಚಿಗೆ ಹೋಯಿತು. ಒಂದು ಮೂಲೆ ಎದ್ದಿತು.

ಗುರುಗಳು ಅವಳನ್ನು ನೋಡಲಿಲ್ಲ. ನದಿಯನ್ನು ನೋಡುತ್ತಿದ್ದರು.

"ಅಗೋ, ಇನ್ನೊಂದು ಮೀನು ಬರ್ತಿದೆ."

ಉಗುರು ನಿಂತಿತು. ಎದ್ದ ಮೂಲೆಯನ್ನು ಅವಳು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಕಣ್ಣಿಟ್ಟಳು.

ಕೂಗು. ನಡುಗಿದ ಮರಳು. ಕತ್ತು.

ಒತ್ತಿದಳು. ಕತ್ತಲು.

ಆಮೇಲೆ ಎರಡು ಹಕ್ಕಿಗಳೂ ಮೀನು ಹುಡುಕುತ್ತಾ ದೂರ ಹಾರಿಹೋದವು. ಅವಳು ಕ್ಯಾಮೆರಾವನ್ನು ಗುರುಗಳ ಕೈಗಿಟ್ಟಳು. "ನೀವೇ ತೆಗೀರಿ."

ಗುರುಗಳು ಪ್ಲಾಸ್ಟರ್ ಬಿಡಿಸಿದರು. ತಮ್ಮ ಹೆಗಲ ಮೇಲಿನ ಶಲ್ಯವನ್ನು ಪರದೆಗೆ ಮರೆಮಾಡಿ ಹಿಡಿದರು. ಮೂವರೂ ತಲೆ ತೂರಿಸಿದರು.

ಮೊದಲನೆಯ ಚಿತ್ರ. ಹಕ್ಕಿಯ ಬಿಚ್ಚಿದ ರೆಕ್ಕೆ. ಅದರ ಹಿಂದೆ ಮರಿ ಪೂರ್ತಿ ಮರೆಯಾಗಿತ್ತು.

ಅಧಿಕಾರಿ ನಿಟ್ಟುಸಿರು ಬಿಟ್ಟರು.

ಎರಡನೆಯ ಚಿತ್ರ. ಅರ್ಧ ಮೀನು ಕೊಕ್ಕಿನಲ್ಲಿ, ಅರ್ಧ ಮರಿಯ ಬಾಯಲ್ಲಿ. ಪಕ್ಕದಲ್ಲಿ ಇನ್ನೊಂದು ಮರಿ ತನ್ನ ಪಾಲಿಗಾಗಿ ಕತ್ತು ಚಾಚಿತ್ತು.

ಅಧಿಕಾರಿ ಬಗ್ಗಿ ನೋಡಿದರು. ದುರ್ಬೀನೆತ್ತಿ ದಿಬ್ಬವನ್ನೊಮ್ಮೆ ನೋಡಿದರು. ಅಲ್ಲಿ ಮರಳಷ್ಟೇ ಇತ್ತು. ಮತ್ತೆ ಚಿತ್ರ ನೋಡಿದರು.

ಅವರು ಕ್ಯಾಮೆರಾದ ಮೆಮೊರಿ ಕಾರ್ಡ್ ಇಸಿದುಕೊಂಡು ದಡ ಹತ್ತಿದರು. ಅಲ್ಲಿಂದಲೇ ಅವರ ದನಿ ಕೇಳಿಸಿತು. "ಗಾಡಿ ತಿರುಗಿಸ್ರಪ್ಪಾ. ಮರಿ ಹಾರೋವರೆಗೆ ಇಲ್ಲಿ ಯಾರೂ ಇಳಿಯೋ ಹಾಗಿಲ್ಲ."

ಲಾರಿಗಳ ಸದ್ದು ದೂರವಾಯಿತು. ನೀಲಾಂಬಿಕೆ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಇನ್ನೇನು ಯೋಚನೆ?"

"ಮೀನು ಬಾಯಿಗೆ ಹೋದದ್ದನ್ನ ಅವರು ಚಿತ್ರದಲ್ಲಿ ನೋಡಿದರು. ನೀವು ಇಲ್ಲಿಂದಲೇ ನೋಡಿದ್ರಿ. ತೆಗೆದವಳು ನಾನು, ಗುರುಗಳೇ. ಆ ಕ್ಷಣದಲ್ಲಿ ನಾನು ನೋಡಿದ್ದು ಬರೀ ಕತ್ತಲು."

ಗುರುಗಳು ಪ್ಲಾಸ್ಟರನ್ನು ಮತ್ತೆ ಪರದೆಗೆ ಅಂಟಿಸಿ, ಕ್ಯಾಮೆರಾವನ್ನು ಅವಳ ಮಡಿಲಿಗಿಟ್ಟರು.

"ಕತ್ತಲಾಗುವವರೆಗೂ ನೋಡಿದೆಯಲ್ಲ."