ಗೋಡೆ ಬಿಟ್ಟುಕೊಟ್ಟ ಮೊಳೆ

ನಾಗವೇಣಿಯ ಒಂದೇ ಕೋಣೆಯ ಮನೆಯಲ್ಲಿ ಗೋಡೆಗೆ ತನ್ನ ಬಿಳುಪಿನದೇ ಜಂಬ. ಧೂಳು ಬರುತ್ತದೆಂದು ಅವಳು ಗವಾಕ್ಷಿಗೆ ಹಳೆ ಸೀರೆ ತುರುಕಿದಾಗ, "ಪೀಡೆ ತೊಲಗಿತು" ಎಂದು ಗೋಡೆ ಹಿಗ್ಗಿತು.

"ಅಕ್ಕಾ, ಅನ್ನದ ಹಬೆ ಇನ್ನೆಲ್ಲಿಗೆ ಹೋಗಬೇಕು?" ಎಂದಿತು ಗವಾಕ್ಷಿ.

"ಅದನ್ನು ಕಟ್ಟಿಕೊಂಡು ನನಗೇನಾಗಬೇಕು?"

ಹಬೆ ಗೋಡೆಯ ಮೈಮೇಲೇ ನೀರಾಗಿ ಇಳಿಯಿತು. ತಿಂಗಳೊಳಗೆ ಕಪ್ಪು ಬೂಷ್ಟು ಹಬ್ಬಿತು. ನಾಗವೇಣಿ ಸುಣ್ಣ ಬಳಿದರೂ ಅದು ಮತ್ತೆ ಬಂತು. ಕೊನೆಗೆ ಅವಳು ಅದು ಕಾಣದಂತೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದಳು. ಮಾನ ಉಳಿಯಿತೆಂದು ಗೋಡೆ ಸಮಾಧಾನಪಟ್ಟಿತು. ಆದರೆ ತೊಟ್ಟಿಲಲ್ಲಿದ್ದ ಕೂಸು ಕೆಮ್ಮತೊಡಗಿತು.

"ತಮ್ಮಾ, ನೀನಾದರೂ ಅವಳಿಗೆ ತಿಳಿಸಬಾರದೇ?" ಎಂದು ಗೋಡೆ ಗವಾಕ್ಷಿಯನ್ನು ಅಂಗಲಾಚಿತು.

"ನನ್ನತ್ತ ಯಾರು ತಲೆಯೆತ್ತಿ ನೋಡುತ್ತಾರೆ? ಕಲೆ ಇರುವುದು ನಿನ್ನ ಮೈಮೇಲೆ. ನೀನೇ ತೋರಿಸು."

ಕೂಸು ಮತ್ತೆ ಕೆಮ್ಮಿತು. ಗೋಡೆ ಮೊಳೆಯನ್ನು ಬಿಟ್ಟುಕೊಟ್ಟಿತು.

ಕ್ಯಾಲೆಂಡರ್ ಬಿದ್ದ ಸದ್ದಿಗೆ ನಾಗವೇಣಿ ತಿರುಗಿದಳು. ನೀರಿಳಿದ ಕಪ್ಪು ಜಾಡು ಹಿಡಿದು ಗವಾಕ್ಷಿಯತ್ತ ತಲೆಯೆತ್ತಿದಳು. ಸ್ಟೂಲ್ ಹತ್ತಿ ಸೀರೆಯನ್ನು ಎಳೆದಳು.