ಬೈಯುವುದು ನಿಂತ ವಾರ

"ಬುದ್ಧಿ, ಒಬ್ಬ ಮನುಷ್ಯ ನಮಗೆ ಒಳ್ಳೆಯದು ಮಾಡಿದರೆ ಅದರ ಹಿಂದೆ ಏನಿದೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ನಾಗಭೂಷಣ ಗುರುಗಳನ್ನು ಕೇಳಿದ.

ಅವನ ತಲೆಗೆ ಹುಳ ಹೊಕ್ಕಿತ್ತು. ಅವನಿಗೆ ಜ್ವರ ಬಂದಾಗ ಮಠದಲ್ಲಿ ಜೊತೆಗೆ ಓದುವ ಮಲ್ಲಣ್ಣ ಗಂಜಿ ಕಾಯಿಸಿ ಕುಡಿಸಿದ್ದ, ಬಟ್ಟೆ ಒಗೆದಿದ್ದ. ಏಕೆಂದು ಕೇಳಿದರೆ, "ನಿನ್ನ ಕೈಲಿ ಆಗುತ್ತಿರಲಿಲ್ಲವಲ್ಲ" ಎಂದಿದ್ದ. ಇಷ್ಟಕ್ಕೇ ಯಾರಾದರೂ ಅಷ್ಟು ಮಾಡುತ್ತಾರೆಯೇ? ಯೋಚಿಸಿದಷ್ಟೂ ಗೋಜಲು. ಈಗ ಮಲ್ಲಣ್ಣನ ಪಕ್ಕ ಊಟಕ್ಕೆ ಕೂರಲೂ ಮನಸ್ಸು ಬಾರದು. ಇದ್ದ ಒಬ್ಬ ಗೆಳೆಯನೂ ಕೈತಪ್ಪುತ್ತಿದ್ದಾನೆಂಬ ಸಂಕಟ ಬೇರೆ.

"ಅಯ್ಯೋ ಮಹರಾಯ, ಗಂಜಿ ಕುಡಿದು ಅರಗಿಸಿಕೊಂಡ ಮೇಲೆ ಈ ವಿಚಾರಣೆಯೇ?" ಎಂದು ಗುರುಗಳು ನಕ್ಕರು. ಆಮೇಲೆ ಹೇಳತೊಡಗಿದರು.

ಒಬ್ಬ ಪತ್ತೇದಾರಿ ಕಾದಂಬರಿಕಾರನಿದ್ದ. ಓದುಗರ ಕಣ್ಣಿಗೆ ಮಣ್ಣೆರಚುವುದರಲ್ಲಿ ಎತ್ತಿದ ಕೈ. ಅವನ ಕಸುಬಿನ ಗುಟ್ಟು ಒಂದೇ: ಕತೆಯಲ್ಲಿ ಎಲ್ಲರಿಗಿಂತ ಒಳ್ಳೆಯವರು ಯಾರೋ ಅವರೇ ಕೊಲೆಗಾರರು. ಮೊದಲ ಅಧ್ಯಾಯದಲ್ಲಿ ಎಲ್ಲರಿಗೂ ಕಾಫಿ ಕೊಟ್ಟು ಕ್ಷೇಮ ವಿಚಾರಿಸಿದವರು ಕೊನೆಯ ಅಧ್ಯಾಯದಲ್ಲಿ ಸಿಕ್ಕಿಬೀಳುತ್ತಿದ್ದರು. ಓದುಗರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಧಾರಾವಾಹಿ ಬೇಕೆಂದು ವಾರಪತ್ರಿಕೆಯವರು ದುಂಬಾಲು ಬೀಳುತ್ತಿದ್ದರು. ಹಾಗೆ ಬರೆಯಬೇಕೆಂದರೆ ಯಾವ ಒಳ್ಳೆಯತನ ಕಂಡರೂ ಅದರ ಬೆನ್ನಿಗೊಂದು ಕೆಟ್ಟ ಕಾರಣ ಹೊಸೆಯಬೇಕು. ಹೊಸೆದೂ ಹೊಸೆದೂ ಅದೇ ಅವನ ಚಾಳಿಯಾಯಿತು.

ಅವನ ಹೆಂಡತಿ ಬಾಯಿ ಜೋರಿನ ಹೆಂಗಸು. ಬರೆಯುತ್ತ ಕೂತು ಕಾಫಿ ಆರಲು ಬಿಟ್ಟನೆಂದರೆ ಅವನ ಜನ್ಮ ಜಾಲಾಡುತ್ತಿದ್ದಳು. ಒಂದು ವಾರ ಧಾರಾವಾಹಿಯ ಮುಕ್ತಾಯ ಹೊಳೆಯದೆ ಅವನು ತಲೆ ಮೇಲೆ ಕೈಹೊತ್ತು ಕೂತಿದ್ದ. ಆ ವಾರ ಬೈಗುಳ ನಿಂತುಬಿಟ್ಟಿತು. ಆರಿದ ಕಾಫಿಯನ್ನು ಅವಳು ಸದ್ದಿಲ್ಲದೆ ಬಿಸಿ ಮಾಡಿ ತಂದಿಡತೊಡಗಿದಳು. ಅವನಿಗೆ ದಿಗಿಲಾಯಿತು. ಅವನ ಕತೆಗಳಲ್ಲಿ ಬೈಯುವುದನ್ನು ಬಿಟ್ಟವರೆಂದರೆ ಮನಸ್ಸಿನಲ್ಲೇ ಏನೋ ತೀರ್ಮಾನ ಮಾಡಿಕೊಂಡವರು.

"ಏನೇ, ಸುಮ್ಮನಾಗಿಬಿಟ್ಟಿದ್ದೀಯ?" ಎಂದು ಕೇಳಿದ.

"ನೀವೇ ಕಷ್ಟದಲ್ಲಿದ್ದೀರಿ, ಪಾಪ ಅನ್ನಿಸಿತು" ಎಂದಳು.

ಉತ್ತರ ಥಟ್ಟನೆ ಬಂತು. ಮೊದಲೇ ಸಿದ್ಧಮಾಡಿಟ್ಟದ್ದೇ ಇರಬೇಕು ಎಂದುಕೊಂಡ. ತಡವರಿಸಿದ್ದರೂ ಅನುಮಾನಪಡುತ್ತಿದ್ದ ಅನ್ನು. ಅವಳ ಪೆಟ್ಟಿಗೆ ತಡಕಾಡಿದ, ಏನೂ ಸಿಗಲಿಲ್ಲ; ಸುಳಿವೇ ಬಿಡದ ಚಾಲಾಕಿ ಎಂದುಕೊಂಡ. ಸಂತೆಗೆ ಹೊರಟವಳ ಹಿಂದೆ ಮರೆಯಲ್ಲಿ ನಡೆದ. ಅವಳು ಸೊಪ್ಪು ಕೊಂಡು ಮನೆ ಕಡೆ ತಿರುಗಿದಳು. ಅವಳು ಏನೆಂದಳು ಎಂದು ಸೊಪ್ಪಿನವಳನ್ನು ಹಿಡಿದು ಕೇಳಿದ.

"ದಂಟು ಬಲಿತಿದೆ ಅಂದರು ಸ್ವಾಮಿ" ಎಂದಳು ಸೊಪ್ಪಿನವಳು.

ದಂಟು ಬಲಿತಿದೆ ಎಂದರೆ ಏನರ್ಥ? ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ತಾನು ಹುಚ್ಚನೋ ಜಾಣನೋ ಅವನಿಗೇ ತಿಳಿಯದಾಯಿತು.

ಇದೆಲ್ಲ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? "ಏನಾದರೂ ಇದ್ದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ. ಇಲ್ಲದ್ದನ್ನು ಎಲ್ಲಿಂದ ತಂದು ತೋರಿಸಲಿ?" ಎಂದು ಅತ್ತಳು. ಸೀರೆಗಳನ್ನು ಗಂಟು ಕಟ್ಟಿಕೊಂಡು ತವರಿಗೆ ಹೊರಟುಹೋದಳು. ಅವನು ಬಾಗಿಲಲ್ಲಿ ನಿಂತು, ಏನೋ ಇದೆ ಅಂದುಕೊಂಡಿದ್ದೆ, ಹೋಗೇಬಿಟ್ಟಳಲ್ಲ ಎಂದುಕೊಂಡ. ಊಹೆ ಗೆದ್ದಿತೆಂದು ಖುಷಿಯೂ ಆಯಿತು, ದುಃಖವೂ ಆಯಿತು. ಅವಳು ಮತ್ತೆ ಬರಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ನಾಗಭೂಷಣ ಕಾದ. ಕತೆ ಇನ್ನೂ ಮುಗಿದಿಲ್ಲ ಎನ್ನಿಸಿತು. ತಡೆಯಲಾರದೆ ಕೇಳಿಯೇಬಿಟ್ಟ:

"ಅದೆಲ್ಲ ಸರಿ ಬುದ್ಧಿ, ಆ ವಾರ ಅವಳು ಬೈಯದೆ ಇದ್ದದ್ದು ನಿಜವಾಗಿ ಯಾಕೆ?"

"ಅವಳು ಹೇಳಿದಳಲ್ಲಪ್ಪ, ನಿನಗೂ ಕೇಳಿಸಲಿಲ್ಲವೇ?" ಎಂದರು ಗುರುಗಳು.